ಎತ್ತು, ನೇಗಿಲು, ಪೆದ್ದ

ಕೇಳುಗರೇ, ನಮಸ್ಕಾರ.

ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಕೆಲಸಕ್ಕಿದ್ದಾಗ ವಾರಕ್ಕೊಂದು ಸಂಜೆ ಶಾಲೆಯೊಂದರ ಆಟದ ಹಜಾರಕ್ಕೆ ಹೋಗಿ ಉದ್ದ ಕತ್ತಿಯ ವರಸೆ ಕಲಿಯುತ್ತಿದ್ದೆ. ಸಂಗತಿ ತಿಳಿದ ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: ‘ಅಷ್ಟು ಭಾರದ್ದನ್ನು ಎತ್ತಿ ಸೊಂಟ ಹಿಡಿಸಿಕೊಳ್ಳುತ್ತೀಯೇನೋ?’

ಅಮ್ಮನನ್ನು ದೂರುವಂತಿಲ್ಲ. ಸಿನಿಮಾಗಳಲ್ಲಿ ಯುರೋಪಿನ ಯೋಧರು ಒನಕೆ ಬೀಸಿದಂತೆ ಕತ್ತಿ ಬೀಸುವುದನ್ನು ಕಂಡವರೆಲ್ಲ ಹಾಗೆಯೇ ಅಂದುಕೊಳ್ಳುತ್ತಾರೆ. 15ನೆಯ ಶತಮಾನದ ಆ ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿಯಬೇಕು ನಿಜ, ಆದರೆ ತೂಕ ಸಾಮಾನ್ಯವಾಗಿ 1.5 ಕಿಲೋ ಆಸುಪಾಸು. ಬಾವಿಯಿಂದ ಸೇದುವ ತುಂಬಿದ ಕೊಡದ ಮುಂದೆ ಅದು ಯಾವ ಲೆಕ್ಕ!

ಅಭ್ಯಾಸದ ಕತ್ತಿಗೆ ಫೇಡರ್ ಎನ್ನುತ್ತಾರೆ. ಜರ್ಮನ್ ಭಾಷೆಯಲ್ಲಿ ಗರಿಗೂ ಅದೇ ಹೆಸರು. ಉಕ್ಕಿನದೇ, ಆದರೆ ಹರಿತವಿಲ್ಲ. ಅಲಗು ಸಪೂರ, ಮೊನೆ ಮೊಂಡು. ಎದೆಗೆ ಒತ್ತಿದರೆ ಬಿದಿರಿನ ಸೀಳಿನಂತೆ ಬಾಗುತ್ತದೆ. ಹಿಡಿಯ ಮೇಲಿನ ಅಡ್ಡಪಟ್ಟಿಗೆ ತಾಗಿದಂತೆ ಮಾತ್ರ ಅಲಗು ಎರಡೂ ಬದಿಗೆ ಕಿವಿ ಚಾಚಿದ ಹಾಗೆ ಅಗಲವಾಗಿರುತ್ತದೆ. ಅದರಿಂದ ಭಾರ ಕೈಯ ಹತ್ತಿರ ಉಳಿಯುತ್ತದೆ, ಜಾರಿ ಬಂದ ಎದುರಾಳಿಯ ಅಲಗಿಗೂ ತಡೆಯಾಗುತ್ತದೆ. ಇದು ಈಗಿನವರ ಉಪಾಯವಲ್ಲ. 16ನೆಯ ಶತಮಾನದ ಚಿತ್ರಗಳಲ್ಲಿಯೇ ಇಂಥ ಕತ್ತಿಗಳಿವೆ. ಮುಖಕ್ಕೆ ಜಾಲರಿಯ ಮುಸುಕು, ಕೊರಳಿಗೆ ಪಟ್ಟಿ, ಮೈಗೆ ದಪ್ಪ ಅಂಗಿ, ಕೈಗೆ ಆಮೆಯ ಚಿಪ್ಪಿನಂಥ ಗವಸು. ಇಷ್ಟಾದರೂ ಪೆಟ್ಟು ಹೆಚ್ಚಾಗಿ ತಿನ್ನುವುದು ಬೆರಳುಗಳೇ. ನನ್ನ ಎಡ ಹೆಬ್ಬೆರಳು ಎರಡು ವಾರ ಬದನೆಕಾಯಿಯ ಬಣ್ಣದಲ್ಲಿತ್ತು.

ಈ ವಿದ್ಯೆಯ ಮೂಲಪುರುಷ 14ನೆಯ ಶತಮಾನದ ಯೋಹಾನೆಸ್ ಲಿಖ್ಟೆನೌವರ್. ಆತ ಬಿಟ್ಟುಹೋದದ್ದು ಕೆಲವು ಪದ್ಯಗಳನ್ನು. ಹೊರಗಿನವರಿಗೆ ತಿಳಿಯದಿರಲೆಂದು ಬೇಕೆಂದೇ ಒಗಟಾಗಿ ಕಟ್ಟಿದವು. ನಂತರದವರು ಅವಕ್ಕೆ ಟೀಕೆ ಬರೆದರು. ಸೂತ್ರ, ಭಾಷ್ಯ ಎಂದರೆ ನಮಗೆ ಬೇಗ ಅರ್ಥವಾಗುತ್ತದೆ. 1400ರ ಸುಮಾರಿನ ಒಂದು ಪುಟ್ಟ ಹಸ್ತಪ್ರತಿ ನ್ಯೂರೆಂಬರ್ಗ್‌ನ ವಸ್ತುಸಂಗ್ರಹಾಲಯದಲ್ಲಿಯೇ ಇದೆ. ಅದರಲ್ಲಿ ಕತ್ತಿಯ ಪಾಠದ ಜೊತೆಗೆ ಕಬ್ಬಿಣಕ್ಕೆ ಹದ ಕೊಡುವ ಕ್ರಮ, ಔಷಧಿ, ಮಾಟಮಂತ್ರ ಎಲ್ಲವೂ ಇವೆ. ಆಗ್ಸ್‌ಬರ್ಗ್‌ನ ಪೌಲುಸ್ ಹೆಕ್ಟರ್ ಮೈರ್ ಎಂಬ ನಗರದ ಅಧಿಕಾರಿ ಇಂಥ ಗ್ರಂಥಗಳನ್ನು ಹುಡುಕಿ ಸಂಗ್ರಹಿಸಿದ, ಬರೆಸಿದ ಕೂಡ. ಆದರೆ ನಗರದ ಹಣಕ್ಕೆ ಕೈ ಹಾಕಿದ್ದಕ್ಕಾಗಿ 1579ರಲ್ಲಿ ಗಲ್ಲಿಗೇರಿದ. ಗುರುಶಿಷ್ಯ ಪರಂಪರೆ ನಡುವೆ ಕಡಿದುಹೋದದ್ದರಿಂದ ಇಂದು ಕಲಿಯುವವರಿಗೆ ಈ ಪುಸ್ತಕಗಳೇ ಗುರು. ಹಾಗಾಗಿ ನಮ್ಮ ಸಂಜೆಗಳಲ್ಲಿ ಅರ್ಧ ಹೊತ್ತು ಒಂದೊಂದು ಸಾಲಿನ ಜಗಳದಲ್ಲೇ ಕಳೆಯುತ್ತಿತ್ತು.

ನಿಲುವುಗಳ ಹೆಸರು ಕೇಳಿ. ಮೊದಲನೆಯದು ಎತ್ತು: ಕತ್ತಿ ತಲೆಯ ಪಕ್ಕದಲ್ಲಿ, ಮೊನೆ ಕೊಂಬಿನಂತೆ ಮುಂದಕ್ಕೆ. ಇನ್ನೊಂದು ನೇಗಿಲು: ಹಿಡಿ ಸೊಂಟದ ಬಳಿ, ಮೊನೆ ಎದುರಾಳಿಯ ಮುಖಕ್ಕೆ. ಮತ್ತೊಂದು ಪೆದ್ದ: ಮೊನೆ ನೆಲಕ್ಕಿಳಿಸಿ, ಏನೂ ಅರಿಯದವನಂತೆ ನಿಲ್ಲುವುದು. ಕತ್ತಿಯನ್ನು ಮೇಲೆತ್ತಿ ನಿಲ್ಲುವ ನಾಲ್ಕನೆಯದೂ ಇದೆ. ನನಗೆ ಹಿಡಿಸಿದ್ದು ಪೆದ್ದ. ಅಭಿನಯದ ಅಗತ್ಯವೇ ಇರಲಿಲ್ಲ.

ಆದರೆ ವಿದ್ಯೆ ಇರುವುದು ನಿಲುವಿನಲ್ಲಲ್ಲ, ಎರಡು ಅಲಗು ಕೂಡಿಕೊಂಡ ಗಳಿಗೆಯಲ್ಲಿ. ಹಿಡಿಯ ಕಡೆಯ ಅರ್ಧ ಬಲ, ಮೊನೆಯ ಕಡೆಯ ಅರ್ಧ ದುರ್ಬಲ. ಎದುರಾಳಿ ಒತ್ತುತ್ತಿದ್ದಾನೋ ಸಡಿಲ ಬಿಟ್ಟಿದ್ದಾನೋ ಎಂಬುದು ಉಕ್ಕಿನ ಮೂಲಕ ಅಂಗೈಗೆ ಮುಟ್ಟಬೇಕು. ಒತ್ತಿದರೆ ಅವನ ಬಲವನ್ನು ಹಾಗೆಯೇ ಹೋಗಗೊಟ್ಟು ಇನ್ನೊಂದು ಬದಿಯಿಂದ ಹೊಡೆಯಬೇಕು. ಸಡಿಲವಿದ್ದರೆ ನೇರ ಚುಚ್ಚಬೇಕು. ಯೋಚಿಸಿ ಮಾಡುವಷ್ಟು ಪುರುಸೊತ್ತಿಲ್ಲ. ಆ ಗಳಿಗೆಗೆ ಪದ್ಯದಲ್ಲಿ ‘ಇಂಡೆಸ್’ ಎಂಬ ಮಾತಿದೆ. ಕನ್ನಡದಲ್ಲಿ ‘ಅಷ್ಟರಲ್ಲಿಯೇ’ ಎಂದರೆ ಸರಿಹೋದೀತು.

ಇದನ್ನು ಕಲಿಯಲು ಕಣ್ಣು ಮುಚ್ಚಿಕೊಂಡು ಮಾಡುವ ಒಂದು ಅಭ್ಯಾಸವಿದೆ. ನನ್ನ ಜೊತೆಗಾರ್ತಿ ಅರವತ್ತು ದಾಟಿದ ನಿವೃತ್ತ ಶಿಕ್ಷಕಿ. ಅಲಗಿಗೆ ಅಲಗು ಕೂಡಿಸಿ ನಿಂತೆವು. ನಾನು ಗುದ್ದಲಿ ಹಿಡಿದವನಂತೆ ಬಿಗಿದು ಒತ್ತಿದೆ. ಅವರು ತಮ್ಮ ಕತ್ತಿಯನ್ನು ತಟ್ಟನೆ ತೆಗೆದರು. ನನ್ನದು ಗಾಳಿಯಲ್ಲಿ ಪಕ್ಕಕ್ಕೆ ಹಾರಿತು, ಅವರದು ನನ್ನ ಮುಸುಕಿನ ಮೇಲೆ ಟಣ್ ಎಂದಿತು. ‘ಕೈಗೆ ಕಿವಿ ಇಲ್ಲ ನಿಮಗೆ’ ಎಂದರು. ಮತ್ತೆ ನಿಂತೆವು, ಮತ್ತೆ ಟಣ್. ಹೀಗೆ ಮೂರು ವಾರ.

ನಾಲ್ಕನೆಯ ವಾರ ಒಮ್ಮೆ, ಅವರ ಅಲಗು ಕೂದಲೆಳೆಯಷ್ಟು ಸಡಿಲವಾದದ್ದು ಕಿರುಬೆರಳಿಗೆ ತಿಳಿಯಿತು. ನಾನು ಏನೂ ಮಾಡಿದ ನೆನಪಿಲ್ಲ. ಕಣ್ಣು ತೆರೆದರೆ ನನ್ನ ಫೇಡರ್ ಅವರ ಎದೆಗೆ ತಾಗಿ ಬಿಲ್ಲಿನಂತೆ ಬಾಗಿ ನಿಂತಿತ್ತು. ಮುಸುಕಿನೊಳಗಿಂದಲೇ ಅವರು ತಲೆಯಾಡಿಸಿದರು. ನಾನು ಹಿಗ್ಗಿ, ಕತ್ತಿ ಇಳಿಸಿ, ಅಕ್ಕಪಕ್ಕದವರು ನೋಡಿದರೋ ಎಂದು ತಿರುಗಿದೆ.

ಅಷ್ಟರಲ್ಲಿಯೇ, ಟಣ್.