ಈ ವಾರ ಎಷ್ಟು ಹೋಗುತ್ತದೆ?

ಕೇಳುಗರಿಗೆ ನಮಸ್ಕಾರ.

ಮುಂಗಾರು ಶುರುವಾಯಿತೆಂದರೆ ಮಂಡ್ಯ, ಶ್ರೀರಂಗಪಟ್ಟಣ, ಮೈಸೂರು ಕಡೆ ಪತ್ರಿಕೆ ಬಿಡಿಸಿದವರೆಲ್ಲ ಮೊದಲು ಹುಡುಕುವುದು ಕನ್ನಂಬಾಡಿಯ ನೀರಿನ ಮಟ್ಟವನ್ನು. ಗರಿಷ್ಠ ಮಟ್ಟ 124.80 ಅಡಿ, ಇವತ್ತಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಒಳಗೆ ಎಷ್ಟೇ ನೀರು ಬರಲಿ, ಹೊರಗೆ ಹೋಗುವುದು ಅದಕ್ಕಿಂತ ಹೆಚ್ಚಾದರೆ ಮಟ್ಟ ಇಳಿಯಿತು ಅಂತಲೇ ಲೆಕ್ಕ. ನಾಲೆ ನೀರು ನಂಬಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟೆನಿಸ್ ಆಡಿ ಬದುಕುವ ಹೆಣ್ಣುಮಗಳ ರ‍್ಯಾಂಕಿಂಗ್ ನಡೆಯುವುದೂ ಹೀಗೆಯೇ. ಇದನ್ನು ಮಾತ್ರ ಎಷ್ಟು ಸಲ ಬಿಡಿಸಿ ಹೇಳಿದರೂ ಸಾಲುವುದಿಲ್ಲ.

ಸರಸ್ವತಿಪುರಂನಲ್ಲೋ, ಕುವೆಂಪುನಗರದಲ್ಲೋ, ಮಂಡ್ಯದ ಸುಭಾಷ್ ನಗರದಲ್ಲೋ ಮಗಳನ್ನು ಕತ್ತಲಿರುವಾಗಲೇ ಎಬ್ಬಿಸಿ, ಸ್ಕೂಟರ್ ಹಿಂದೆ ಕೂರಿಸಿಕೊಂಡು ಕೋರ್ಟಿಗೆ ಬಿಡುವ ಅಮ್ಮಂದಿರೇ, ಅಪ್ಪಂದಿರೇ, ಇವತ್ತಿನ ಮಾತು ನಿಮಗೆ. ಮಗಳು ಮುಂದೆ ವೃತ್ತಿಪರ ಆಟಗಾರ್ತಿ ಆಗಬೇಕು ಎಂದು ನಿಮ್ಮ ಮನಸ್ಸಿನಲ್ಲಿದ್ದರೆ ಒಂದು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಳ್ಳಿ. ಈ ವಾರ ಎಷ್ಟು ಬಂತು ಎಂದಲ್ಲ. ಈ ವಾರ ಎಷ್ಟು ಹೋಗುತ್ತದೆ ಎಂದು.

ಮಹಿಳಾ ಟೆನಿಸ್‌ನ ರ‍್ಯಾಂಕಿಂಗ್ ಕೊಡುವುದು ಡಬ್ಲ್ಯುಟಿಎ, ಅಂದರೆ ವೃತ್ತಿಪರ ಆಟಗಾರ್ತಿಯರ ಅಂತರರಾಷ್ಟ್ರೀಯ ಸಂಘ. ಅಲ್ಲಿ ಒಂದು ಪಾಯಿಂಟಿನ ಆಯುಸ್ಸು 52 ವಾರ, ಅಷ್ಟೇ. ಹೋದ ವರ್ಷ ಇದೇ ವಾರ ಗೆದ್ದ ಪಾಯಿಂಟು ಈ ವರ್ಷ ಈ ವಾರ ಬಿದ್ದುಹೋಗುತ್ತದೆ. ಅದರ ಜಾಗಕ್ಕೆ ಹೊಸದು ಬಂದರೆ ಉಳಿದಿರಿ, ಬರದಿದ್ದರೆ ಇಳಿದಿರಿ. ಸಿಂಗಲ್ಸ್‌ನಲ್ಲಿ ಒಳ್ಳೆಯ 18 ಪಂದ್ಯಾವಳಿಗಳ ಫಲಿತಾಂಶ, ಡಬಲ್ಸ್‌ನಲ್ಲಿ 12, ಇಷ್ಟನ್ನು ಕೂಡಿದರೆ ಸಿಗುವ ಮೊತ್ತವೇ ನಿಮ್ಮ ಮಗಳ ಮಟ್ಟ. ಹತ್ತನೇ ತರಗತಿಯ ಅಂಕಪಟ್ಟಿಯಾದರೆ ಜೀವಮಾನವಿಡೀ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ. ಇದು ಹಾಗಲ್ಲ.

ಕೆಳಗಿನ ಮೆಟ್ಟಿಲಿನಿಂದ ನೋಡೋಣ. ಮೊದಲ ಮೆಟ್ಟಿಲು ಡಬ್ಲ್ಯು 15. ಒಟ್ಟು ಬಹುಮಾನ 15,000 ಡಾಲರ್. ಗೆದ್ದವಳಿಗೆ 15 ಪಾಯಿಂಟು, ಫೈನಲ್‌ನಲ್ಲಿ ಸೋತವಳಿಗೆ 10, ಸೆಮಿಫೈನಲ್‌ಗೆ 6, ಕ್ವಾರ್ಟರ್‌ಫೈನಲ್‌ಗೆ 3, ಒಂದೇ ಪಂದ್ಯ ಗೆದ್ದು ಮನೆಗೆ ಬಂದವಳಿಗೆ 1. ಮೊದಲ ಸುತ್ತಿನಲ್ಲೇ ಸೋತರೆ ಸೊನ್ನೆ. ಅದರ ಮೇಲೆ ಡಬ್ಲ್ಯು 35, 50, 75, 100. ಹೆಸರಿನಲ್ಲಿರುವ ಸಂಖ್ಯೆಯೇ ಗೆದ್ದವಳಿಗೆ ಸಿಗುವ ಪಾಯಿಂಟು, ನೆನಪಿಡುವುದು ಸುಲಭ. ಆಮೇಲೆ ಡಬ್ಲ್ಯುಟಿಎ 125, 250, 500, 1000. ಎಲ್ಲಕ್ಕಿಂತ ಮೇಲೆ ನಾಲ್ಕು ಗ್ರ್ಯಾನ್‌ಸ್ಲಾಮ್. ಅಲ್ಲಿ ಗೆದ್ದವಳಿಗೆ 2000. ಈ ಪಟ್ಟಿಯಲ್ಲಿ ಹೆಸರು ಕಾಣಿಸಬೇಕಾದರೆ ಮೂರು ಪಂದ್ಯಾವಳಿಗಳಲ್ಲಿ ಪಾಯಿಂಟು ಗಳಿಸಿರಬೇಕು, ಇಲ್ಲವೇ ಒಟ್ಟು 10 ಪಾಯಿಂಟು ಇರಬೇಕು.

ಈಗ ಒಬ್ಬ ಹುಡುಗಿ ಎಂದಿಟ್ಟುಕೊಳ್ಳಿ. ಅವಳ ಹತ್ತಿರ 60 ಪಾಯಿಂಟು ಇದೆ. ಅದರಲ್ಲಿ 35 ಬಂದಿದ್ದು ನವೆಂಬರ್‌ನ ಒಂದೇ ವಾರದಲ್ಲಿ, ಒಂದು ಡಬ್ಲ್ಯು 35 ಗೆದ್ದಾಗ. ಮನೆಯವರು ಸಿಹಿ ಹಂಚಿದರು, ಊರಿನ ಪತ್ರಿಕೆಯಲ್ಲಿ ಫೋಟೊ ಬಂತು. ಮುಂದಿನ ನವೆಂಬರ್‌ಗೆ ಸರಿಯಾಗಿ ಕಾಲು ಉಳುಕಿತು, ಆಡಲಿಲ್ಲ. ಸೋಮವಾರ ನೋಡಿದರೆ 25. ಅವಳನ್ನು ಯಾರೂ ಸೋಲಿಸಿಲ್ಲ, ಆದರೂ ನೂರಾರು ಸ್ಥಾನ ಕೆಳಗಿಳಿದಿದ್ದಾಳೆ. ಆಗ ಅಪ್ಪ ಗಾಬರಿಯಾಗಿ ಸಾಲಾಗಿ ಮೂರು ಡಬ್ಲ್ಯು 15ಕ್ಕೆ ಹೆಸರು ಕೊಡಿಸುತ್ತಾರೆ. ಲೆಕ್ಕ ಹಾಕಿ ನೋಡಿ ಸ್ವಾಮಿ, ಎರಡು ಗೆದ್ದರೂ 30, ಹೋದ 35 ತುಂಬುವುದಿಲ್ಲ. ಜತೆಗೆ ಉಳುಕಿದ ಕಾಲು ಇನ್ನೂ ವಾಸಿಯಾಗಿರುವುದಿಲ್ಲ. ಇಂಥ ತಪ್ಪು ಎಷ್ಟೋ ಮನೆಗಳಲ್ಲಿ ಆಗುತ್ತಿದೆ. ಹೊರಹರಿವನ್ನು ಮೊದಲೇ ನೋಡದಿದ್ದುದೇ ಇದಕ್ಕೆ ಕಾರಣ.

ಇನ್ನು ಸಾನಿಯಾ ಮಿರ್ಜಾ ಅವರ ವಿಷಯ. ಅವರ ಆಟದ ಬಗ್ಗೆ, ಆ ಫೋರ್‌ಹ್ಯಾಂಡ್ ಬಗ್ಗೆ ಬೇಕಾದಷ್ಟು ಜನ ಮಾತಾಡಿದ್ದಾರೆ. ಅವರ ರ‍್ಯಾಂಕಿಂಗ್ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂತವರು ಕಡಿಮೆ. ಟೆನಿಸ್‌ನ ವೃತ್ತಿ ಹೇಗೆ ನಡೆಯುತ್ತದೆ ಎಂದು ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಾಗಿಲ್ಲ.

2005ರ ಜನವರಿಯಲ್ಲಿ ಅವರು ಮೊದಲ ನೂರೈವತ್ತರಲ್ಲೂ ಇರಲಿಲ್ಲ. ವೈಲ್ಡ್ ಕಾರ್ಡ್, ಅಂದರೆ ಸ್ಥಾನ ಸಾಲದಿದ್ದರೂ ಆಯೋಜಕರು ಕೊಡುವ ನೇರ ಪ್ರವೇಶ, ಸಿಕ್ಕಿ ಆಸ್ಟ್ರೇಲಿಯನ್ ಓಪನ್ ಆಡಿದರು, ಮೂರನೇ ಸುತ್ತಿನವರೆಗೆ ಹೋಗಿ ಸೆರೆನಾ ವಿಲಿಯಮ್ಸ್‌ಗೆ ಸೋತರು. ಫೆಬ್ರುವರಿಯಲ್ಲಿ ಹೈದರಾಬಾದ್‌ನಲ್ಲಿ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದರು, ಭಾರತದ ಹೆಣ್ಣುಮಗಳೊಬ್ಬಳಿಗೆ ಅದು ಮೊದಲನೆಯದು. ಸೆಪ್ಟೆಂಬರ್‌ನಲ್ಲಿ ಯುಎಸ್ ಓಪನ್‌ನ ನಾಲ್ಕನೇ ಸುತ್ತು. ಎಲ್ಲವೂ ಒಳಹರಿವು! ಹೊರಗೆ ಹೋಗಲು ಹಳೆಯ ಪಾಯಿಂಟು ಹೆಚ್ಚೇನೂ ಇರಲಿಲ್ಲ. ಹಾಗಾಗಿ ರಾಕೆಟ್ ಬಿಟ್ಟ ಹಾಗೆ ಮೇಲಕ್ಕೆ ಹೋದರು. 2006ರಲ್ಲಿ ಅದೇ ವಾರಗಳು ಮತ್ತೆ ಬಂದವು. ಈ ಸಲ ಆಸ್ಟ್ರೇಲಿಯನ್ ಓಪನ್, ಯುಎಸ್ ಓಪನ್ ಎರಡೂ ಕಡೆ ಎರಡನೇ ಸುತ್ತಿಗೇ ಆಟ ಮುಗಿಯಿತು, ರ‍್ಯಾಂಕಿಂಗ್ ಇಳಿಯಿತು. "ಹುಡುಗಿಗೆ ತಲೆ ತಿರುಗಿತು, ಜಾಹೀರಾತು ಹೆಚ್ಚಾಯಿತು" ಎಂದು ಊರೆಲ್ಲ ಮಾತಾಡಿತು. ಮೊದಲು ಹೊರಹರಿವು ನೋಡಬೇಕಿತ್ತು. ಮಾರನೆಯ ವರ್ಷ, 2007ರ ಆಗಸ್ಟ್‌ನಲ್ಲಿ, ಅವರು ಸಿಂಗಲ್ಸ್‌ನಲ್ಲಿ 27ನೇ ಸ್ಥಾನಕ್ಕೆ ಬಂದರು. ತಲೆ ತಿರುಗಿದವರು ಹಾಗೆ ವಾಪಸು ಬರುವುದಿಲ್ಲ.

ಆಮೇಲೆ ಮಣಿಕಟ್ಟಿನ ಶಸ್ತ್ರಚಿಕಿತ್ಸೆ, ಮೊಣಕಾಲಿನ ತೊಂದರೆ. 2013ರಲ್ಲಿ ಸಿಂಗಲ್ಸ್ ಬಿಟ್ಟು ಡಬಲ್ಸ್‌ಗೆ ನಿಂತರು. 2015ರ ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್ ಜೊತೆಯಾದರು. ಇಂಡಿಯನ್ ವೆಲ್ಸ್, ಮಯಾಮಿ, ಚಾರ್ಲ್ಸ್‌ಟನ್, ಮೂರಕ್ಕೆ ಮೂರೂ ಗೆದ್ದು ಏಪ್ರಿಲ್ 13ರಂದು ಸಾನಿಯಾ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್. ಅದೇ ಜುಲೈನಲ್ಲಿ ವಿಂಬಲ್ಡನ್ ಫೈನಲ್, ಎದುರಿಗೆ ರಷ್ಯಾದ ಮಕರೋವಾ ಮತ್ತು ವೆಸ್ನಿನಾ. ಮೊದಲ ಸೆಟ್ 5-7 ಹೋಯಿತು. ಎರಡನೆಯದು ಟೈಬ್ರೇಕರ್‌ನಲ್ಲಿ ಇವರದಾಯಿತು. ಮೂರನೆಯದರಲ್ಲಿ 2-5 ಹಿಂದೆ. ಅಲ್ಲಿಂದ 5-5ಕ್ಕೆ ತಂದಾಗ ಬೆಳಕು ಇಳಿಯಿತು. ಆಟ ನಿಲ್ಲಿಸಿ, ಸೆಂಟರ್ ಕೋರ್ಟಿನ ಚಾವಣಿ ಮುಚ್ಚಿ, ದೀಪ ಹಾಕಿದರು. ವಾಪಸು ಬಂದು ಎರಡೂ ಗೇಮ್ ಹೊಡೆದು 7-5. ಆಮೇಲೆ ಆ ವರ್ಷದ ಯುಎಸ್ ಓಪನ್, 2016ರ ಆಸ್ಟ್ರೇಲಿಯನ್ ಓಪನ್. ಸತತ 41 ಪಂದ್ಯ ಸೋಲಿಲ್ಲ.

ಇಲ್ಲಿಂದ ಮುಂದಿನದು ನನಗೆ ಬಹಳ ಇಷ್ಟ, ಸ್ವಲ್ಪ ಗಮನವಿಟ್ಟು ಕೇಳಿ. 2016ರ ಆಗಸ್ಟ್‌ನಲ್ಲಿ ಇಬ್ಬರೂ ಬೇರೆಯಾದರು. ಆಗ ನಂಬರ್ ಒನ್ ಸ್ಥಾನದಲ್ಲಿ ಇಬ್ಬರೂ ಸರಿಸಮ ಕೂತಿದ್ದರು, ಏಕೆಂದರೆ ಗೆದ್ದದ್ದೆಲ್ಲ ಒಟ್ಟಿಗೇ. ಬೇರೆಯಾದ ಕೂಡಲೇ ಸಿನ್ಸಿನಾಟಿಯಲ್ಲಿ ಫೈನಲ್. ಒಂದು ಕಡೆ ಸಾನಿಯಾ ಮತ್ತು ಸ್ಟ್ರಿಕೋವಾ, ಇನ್ನೊಂದು ಕಡೆ ಹಿಂಗಿಸ್ ಮತ್ತು ವ್ಯಾಂಡೆವೇ. ಸಾನಿಯಾ 7-5, 6-4ರಲ್ಲಿ ಗೆದ್ದು ಒಬ್ಬರೇ ನಂಬರ್ ಒನ್ ಆದರು.

ಈಗ 2017ರ ಜನವರಿಗೆ ಬನ್ನಿ. ಬ್ರಿಸ್ಬೇನ್ ಪಂದ್ಯಾವಳಿ. ಹಿಂದಿನ ವರ್ಷ ಅಲ್ಲಿ ಗೆದ್ದವರು ಸಾನಿಯಾ ಮತ್ತು ಹಿಂಗಿಸ್. ಈ ಸಲ ಸಾನಿಯಾ ಜೊತೆಗೆ ಅಮೆರಿಕದ ಬೆಥನಿ ಮ್ಯಾಟೆಕ್-ಸ್ಯಾಂಡ್ಸ್. ಇಬ್ಬರೂ ಸೇರಿ ಪ್ರಶಸ್ತಿ ಗೆದ್ದರು, ಒಂದೇ ಟ್ರೋಫಿ ಹಿಡಿದು ಫೋಟೊಗೆ ನಿಂತರು. ಸೋಮವಾರ ಹೊಸ ರ‍್ಯಾಂಕಿಂಗ್ ಬಂತು. ಸಾನಿಯಾ ನಂಬರ್ ಒನ್ ಸ್ಥಾನ ಕಳೆದುಕೊಂಡಿದ್ದರು, 91 ವಾರಗಳ ನಂತರ. ಯಾರಿಗೆ? ಪಕ್ಕದಲ್ಲೇ ನಿಂತು ಆಡಿದ ಬೆಥನಿಗೆ! ಗೆದ್ದ ವಾರವೇ ಸಿಂಹಾಸನ ಹೋಯಿತು. ಇದು ಮೋಸವೂ ಅಲ್ಲ, ದುರಾದೃಷ್ಟವೂ ಅಲ್ಲ, ಬರೀ ಕೂಡುವುದು ಕಳೆಯುವುದು. ಆ ಪಂದ್ಯಾವಳಿ ಗೆದ್ದವರಿಗೆ ಆಗ 470 ಪಾಯಿಂಟು. ಸಾನಿಯಾಗೆ ಬಂದದ್ದು 470, ಹಿಂದಿನ ವರ್ಷದ ಲೆಕ್ಕದಲ್ಲಿ ಹೋದದ್ದೂ 470. ಬೆಥನಿಗೆ ಅಷ್ಟು ಕಳೆದುಕೊಳ್ಳುವುದಿರಲಿಲ್ಲ, ಬಂದದ್ದು ಉಳಿಯಿತು. ಎರಡು ವಾರ ಕಳೆದು ಆಸ್ಟ್ರೇಲಿಯನ್ ಓಪನ್‌ನಲ್ಲಿ ಸಾನಿಯಾ ಮೂರನೇ ಸುತ್ತಿನಲ್ಲಿ ಸೋತರು. ಅಲ್ಲಿ ಹೊರಗೆ ಹೋದದ್ದು 2000, ಒಳಗೆ ಬಂದದ್ದು 240.

ಈ ವಾರ ಎಷ್ಟು ಹೋಗುತ್ತದೆ ಎಂದು ನಾನು ಪದೇ ಪದೇ ಕೇಳುವುದು ಇದಕ್ಕೇ.

ಕಥೆ ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. 52 ಸಾಲು ಹಾಕಿ, ಪ್ರತಿ ಸಾಲೂ ಒಂದು ಸೋಮವಾರ. ಪಂದ್ಯಾವಳಿಯ ಹೆಸರು, ದರ್ಜೆ, ಬಂದ ಪಾಯಿಂಟು, ಅದು ಬೀಳುವ ಸೋಮವಾರ. ಬೀಳುವ ದಿನವನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಒಂದೇ ತಿಂಗಳಲ್ಲಿ ಒಟ್ಟು ಪಾಯಿಂಟಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸೇರಿಕೊಂಡಿದ್ದರೆ ಎಚ್ಚರ. ಆ ತಿಂಗಳಿಗೆ ಮೂರು ತಿಂಗಳು ಮುಂಚಿನಿಂದಲೇ ಬೇರೆ ಕಡೆ ಸ್ವಲ್ಪ ಸ್ವಲ್ಪ ಕೂಡಿಸಿಕೊಳ್ಳಬೇಕು. ನಮ್ಮ ದೇಶದ ಟೆನಿಸ್ ಸಂಸ್ಥೆ ಎಐಟಿಎ ರ‍್ಯಾಂಕಿಂಗ್, ಅಂತರರಾಷ್ಟ್ರೀಯ ಟೆನಿಸ್ ಸಂಸ್ಥೆ ಐಟಿಎಫ್ ಕೊಡುವ ಜೂನಿಯರ್ ರ‍್ಯಾಂಕಿಂಗ್, ಡಬ್ಲ್ಯುಟಿಎ ರ‍್ಯಾಂಕಿಂಗ್ ಮೂರೂ ಬೇರೆ ಬೇರೆ. ದಯವಿಟ್ಟು ಒಂದೇ ಪುಟದಲ್ಲಿ ಕಲಸಬೇಡಿ.

ಆತುರ ಪಡುವವರಿಗೊಂದು ಮಾತು. ಹದಿನಾಲ್ಕು ತುಂಬದ ಹುಡುಗಿಯನ್ನು ವೃತ್ತಿಪರ ಪಂದ್ಯಾವಳಿಗೆ ಸೇರಿಸುವುದೇ ಇಲ್ಲ. 14ರಲ್ಲಿ ವರ್ಷಕ್ಕೆ 8, 15ರಲ್ಲಿ 10, 16ರಲ್ಲಿ 12, 17ರಲ್ಲಿ 16. ಹದಿನೆಂಟು ತುಂಬಿದ ಮೇಲೆ ಮಿತಿಯಿಲ್ಲ. ಅಮೆರಿಕದ ಜೆನಿಫರ್ ಕ್ಯಾಪ್ರಿಯಾಟಿ ಹದಿಮೂರಕ್ಕೇ ವೃತ್ತಿಗಿಳಿದು ಬಳಲಿದ್ದನ್ನು ನೋಡಿದ ಮೇಲೆ, 1995ರಿಂದ ಇಂಥ ಮಿತಿ ಬಂತು. ಹದಿನೈದರ ಹುಡುಗಿಗೆ ರ‍್ಯಾಂಕಿಂಗ್ ಲೆಕ್ಕದ 18 ಪಂದ್ಯಾವಳಿಗಳ ಜಾಗ ತುಂಬಿಸಲು ಅವಕಾಶವೇ ಇಲ್ಲ, ಸುಮ್ಮನೆ ಯಾಕೆ ಓಡಿಸುತ್ತೀರಿ?

ದುಡ್ಡು. ಡಬ್ಲ್ಯು 15ರಲ್ಲಿ ಮೊದಲ ಸುತ್ತಿಗೇ ಸೋತರೆ ಕೈಗೆ ಬರುವುದು ನೂರೈವತ್ತು ಡಾಲರ್ ಆಸುಪಾಸು. ವಿಂಬಲ್ಡನ್‌ನಲ್ಲಿ ಮೊದಲ ಸುತ್ತಿಗೇ ಸೋತವರಿಗೆ 2025ರಲ್ಲಿ ಸಿಕ್ಕಿದ್ದು 66,000 ಪೌಂಡ್. ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್‌ನ 128 ಜಾಗಗಳಲ್ಲಿ 104 ರ‍್ಯಾಂಕಿಂಗ್ ನೋಡಿ ಕೊಡುವುದು, 16 ಅರ್ಹತಾ ಸುತ್ತಿನಿಂದ ಬರುವವರಿಗೆ, 8 ವೈಲ್ಡ್ ಕಾರ್ಡ್. ಹಾಗಾಗಿ ನೂರನೇ ಸ್ಥಾನದ ಆಚೆ ಈಚೆ ಇರುವವಳಿಗೆ ಒಂದು ಸೋಮವಾರ ಬೀಳುವ ಮೂವತ್ತು ಪಾಯಿಂಟು ಅಂದರೆ ವರ್ಷದ ಸಂಪಾದನೆ.

ಗಾಯವಾಗಿ ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರಗಿದ್ದರೆ, ಅಥವಾ ಹೆರಿಗೆಗೆ ಹೋಗಿದ್ದರೆ, ಸ್ಪೆಷಲ್ ರ‍್ಯಾಂಕಿಂಗ್ ಎಂಬ ಅನುಕೂಲವಿದೆ. ಹಳೆಯ ಸ್ಥಾನ ತೋರಿಸಿ ಪಂದ್ಯಾವಳಿಗೆ ಪ್ರವೇಶ ಪಡೆಯಬಹುದು. ಪ್ರವೇಶ ಮಾತ್ರ, ಬಿದ್ದುಹೋದ ಪಾಯಿಂಟು ವಾಪಸು ಬರುವುದಿಲ್ಲ. ಮಗ ಹುಟ್ಟಿದ ಮೇಲೆ ಸಾನಿಯಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಂಕಿತಾ ರೈನಾ ಜೊತೆ ಆಡಿದ್ದು ಇಂಥ ಕಾಯ್ದಿಟ್ಟ 9ನೇ ಸ್ಥಾನದ ಬಲದಲ್ಲಿ.

ರ‍್ಯಾಕೆಟ್ ತಂತಿ ಬಗ್ಗೆ ಬಹಳ ಹೇಳುವುದಿತ್ತು. ಒಂದೇ ಮಾತು: ಪಾಲಿಯೆಸ್ಟರ್ ತಂತಿ ತುಂಡಾಗುವವರೆಗೆ ಕಾಯಬೇಡಿ, ತುಂಡಾಗುವ ಮುಂಚೆಯೇ ಅದರ ಬಿಗಿ ಹೋಗಿರುತ್ತದೆ, ಚೆಂಡಿನ ಏಟೆಲ್ಲ ಮೊಣಕೈಗೆ ಬರುತ್ತದೆ. ಮೊಣಕೈ ನೋವೆಂದರೆ ಎಂಟು ವಾರ ಒಳಹರಿವಿಲ್ಲ. ಹೊರಹರಿವು ಮಾತ್ರ ನಿಲ್ಲುವುದಿಲ್ಲ.

ಕೊನೆಯದಾಗಿ ಹೆಸರು ಕೊಡುವ ಗಡುವು. ಡಬ್ಲ್ಯು ಪಂದ್ಯಾವಳಿಗಳಿಗೆ ಐಪಿನ್, ಅಂದರೆ ಐಟಿಎಫ್ ಆಟಗಾರ್ತಿಗೆ ಕೊಡುವ ನೋಂದಣಿ ಸಂಖ್ಯೆ, ಇಟ್ಟುಕೊಂಡು ಆನ್‌ಲೈನ್‌ನಲ್ಲಿ ಹೆಸರು ಕೊಡಬೇಕು. ಪಂದ್ಯಾವಳಿ ಶುರುವಾಗುವ ಸೋಮವಾರಕ್ಕೆ 18 ದಿನ ಮುಂಚಿನ ಗುರುವಾರ, ನಮ್ಮ ಗಡಿಯಾರದಲ್ಲಿ ಸಂಜೆ 7:30. ಗಡುವಿಗೆ ಐದು ನಿಮಿಷ ಇದೆ ಎನ್ನುವಾಗ ಕಂಪ್ಯೂಟರ್ ಮುಂದೆ ಕೂರಬೇಡಿ, ಮಧ್ಯಾಹ್ನವೇ ಮುಗಿಸಿ. ಮನಸ್ಸು ಬದಲಾದರೆ ಹೆಸರು ಹಿಂತೆಗೆದುಕೊಳ್ಳಲು ಅದರ ಮುಂದಿನ ಮಂಗಳವಾರ ಅದೇ ಹೊತ್ತಿನವರೆಗೆ ಸಮಯವಿದೆ. ಕೆಂಪು ಶಾಯಿಯ ಸಾಲು ನೋಡಿ, ಕೋಚ್ ಹತ್ತಿರ ಮಾತಾಡಿ, ಅಷ್ಟರೊಳಗೆ ತೀರ್ಮಾನ ಮಾಡಿ. ನಮಸ್ಕಾರ.