ಯಾರು ಕೊಂದ್ರು ಬಿಡಿ, ಯಾರು ಸುಮ್ನಿದ್ದಾರೆ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಪತ್ತೇದಾರಿ ಕಾದಂಬರಿ ಬಗ್ಗೆ ಮಾತಾಡಿ ಅಂತ ಕರೆದು ಹತ್ತು ನಿಮಿಷ ಕೊಟ್ಟಿದ್ದಾರೆ. ಮಧ್ಯಾಹ್ನದ ಊಟ ಮುಗಿಸಿ ರೇಡಿಯೋ ಹಾಕ್ಕೊಂಡು ಹುರುಳಿಕಾಯಿ ನಾರು ತೆಗೀತಾ ಕೂತಿರೋರು, ಒಂದು ಕಾಲದಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಪತ್ತೇದಾರಿ ತಂದು ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದಿದೋರು, ನಿಮ್ಮ ಜೊತೆನೇ ಮಾತಾಡ್ತಿದೀನಿ ಅಂದ್ಕೊಂಡಿದೀನಿ.

ಹೋದ ತಿಂಗಳು ನಮ್ಮ ಅತ್ತಿಗೆಗೆ ಒಂದು ಪುಸ್ತಕ ಕೊಟ್ಟೆ. ಲಿಂಡಾ ಕ್ಯಾಸ್ಟಿಲ್ಲೊ ಬರೆದಿರೋ 'ಸ್ವೋರ್ನ್ ಟು ಸೈಲೆನ್ಸ್', 2009ರದ್ದು. ಎರಡೇ ದಿನಕ್ಕೆ ಫೋನ್ ಮಾಡಿ 'ಕೊನೇ ಅಧ್ಯಾಯ ಮೊದ್ಲೇ ನೋಡ್ಬಿಟ್ಟೆ ಕಣಯ್ಯಾ, ಕೊಲೆಗಾರ ಯಾರು ಅಂತ ಗೊತ್ತಾಯ್ತು, ಇನ್ನೇನಿದೆ ಓದೋಕೆ' ಅಂದ್ರು. ಹಿರಿಯರು, ಏನೂ ಅನ್ನೋಹಾಗಿಲ್ಲ, ಹೂಂ ಅಂದು ಫೋನ್ ಇಟ್ಟೆ. ಅವತ್ತು ನುಂಗ್ಕೊಂಡ ಮಾತನ್ನ ಇವತ್ತು ಹೇಳ್ತೀನಿ. ಈ ಥರದ ಕಾದಂಬರೀಲಿ ಯಾರು ಕೊಂದ್ರು ಅಂತ ಹುಡುಕ್ತಾ ಕೂರ್ಬೇಡಿ. ಯಾರು ಸುಮ್ನಿದ್ದಾರೆ ನೋಡಿ.

ಕತೆ ನಡೆಯೋದು ಅಮೆರಿಕದ ಓಹಾಯೊದಲ್ಲಿ, ಪೇಂಟರ್ಸ್ ಮಿಲ್ ಅನ್ನೋ ಕಾಲ್ಪನಿಕ ಊರಲ್ಲಿ. ಅಲ್ಲಿ ಎಷ್ಟೋ ಜನ ಆಮಿಶ್. ಅವರು ಯಾರು ಅಂದ್ರೆ, 1693ರ ಹೊತ್ತಿಗೆ ಸ್ವಿಟ್ಜರ್ಲೆಂಡ್, ಆಲ್ಸಾಸ್ ಕಡೆ ಯಾಕೋಬ್ ಅಮ್ಮನ್ ಅನ್ನೋ ಮುಖಂಡನ ಹಿಂದೆ ಬೇರೆಯಾಗಿ ಹೋದ ಕ್ರೈಸ್ತರು, ತಪ್ಪು ಮಾಡಿದೋರಿಗೆ ಬಹಿಷ್ಕಾರ ಸರಿಯಾಗಿ ಹಾಕ್ತಿಲ್ಲ ಅನ್ನೋದು ಆತನ ಒಂದು ದೊಡ್ಡ ತಕರಾರು. ಆಮೇಲೆ ಪೆನ್ಸಿಲ್ವೇನಿಯಾಕ್ಕೆ ಬಂದ್ರು, ಅಲ್ಲಿಂದ ಓಹಾಯೊಗೂ. ಕುದುರೆಗಾಡಿ, ಮನೆಗೆ ಕರೆಂಟ್ ಲೈನ್ ಇಲ್ಲ, ಓದು ಎಂಟನೇ ಕ್ಲಾಸಿಗೆ ಮುಗೀತು, ಅದಕ್ಕೆ 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಒಪ್ಪಿಗೆ ಕೊಟ್ಟಿದೆ. ಮನೇಲಿ ಆಡೋದು ಪೆನ್ಸಿಲ್ವೇನಿಯಾ ಡಚ್, ಹೆಸರಿಗೆ ಡಚ್ಚು, ನಿಜಕ್ಕೂ ಜರ್ಮನ್ನಿನ ಒಂದು ಆಡುಮಾತು. ಇಷ್ಟು ಸಾಕು. ಪಾಪ, ಮುಗ್ಧ ಜನ, ಹಳ್ಳಿ ಸ್ವರ್ಗ ಅಂತ ಮಾತ್ರ ಶುರು ಮಾಡ್ಬೇಡಿ, ನಂಗದು ಆಗೋದಿಲ್ಲ.

ಹಿಮ ಬಿದ್ದ ಹೊಲದಲ್ಲಿ ಒಂದು ಹುಡುಗಿ ಹೆಣ ಸಿಗುತ್ತೆ, ಮೈಮೇಲೆ ರೋಮನ್ ಅಂಕಿ ಕೊರೆದಿದೆ. 16 ವರ್ಷದ ಹಿಂದೆ ಅದೇ ಊರಲ್ಲಿ ಹೀಗೇ ಕೊಲೆಗಳಾಗಿ ಇದ್ದಕ್ಕಿದ್ದಂಗೆ ನಿಂತುಹೋಗಿದ್ವು. ಈಗಿನ ಪೊಲೀಸ್ ಮುಖ್ಯಸ್ಥೆ ಕೇಟ್ ಬರ್ಕ್‌ಹೋಲ್ಡರ್, ಹುಟ್ಟಿದ್ದು ಆಮಿಶ್ ಮನೇಲಿ, ಆಮೇಲೆ ಬಿಟ್ಟು ಬಂದೋಳು. ಅವಳಿಗೆ 14 ವರ್ಷ ಇದ್ದಾಗ ಒಬ್ಬ ಮನೆಯೊಳಗೇ ಬಲಾತ್ಕಾರ ಮಾಡಿದ್ದ, ಅವಳು ಬಂದೂಕು ತಗೊಂಡು ಗುಂಡು ಹೊಡೆದಿದ್ಲು. ಅಪ್ಪ ಪೊಲೀಸಿಗೆ ಹೇಳಲಿಲ್ಲ. ಅಪ್ಪ, ಅಣ್ಣ ಸೇರಿ ಹೆಣ ಸಾಗಿಸಿದ್ರು, ಈ ವಿಷಯ ಎತ್ತೋಹಾಗಿಲ್ಲ ಅಂತ ಆಯ್ತು. ಅವನೇ ಆ ಕೊಲೆಗಾರ, ಸತ್ತ ಅಂತಲೇ ಅವಳು ಇಷ್ಟು ವರ್ಷ ನಂಬಿದ್ಲು. ಈಗ ಮತ್ತೆ ಹೆಣ ಬೀಳ್ತಿದೆ. ಇದನ್ನ ಹೇಳಿ ಗುಟ್ಟು ಬಿಟ್ಟುಕೊಟ್ರಿ ಅನ್ಬೇಡಿ, ಪುಸ್ತಕದಲ್ಲಿ ಬೇಗನೇ ಗೊತ್ತಾಗುತ್ತೆ. ಪತ್ತೆ ಹಚ್ಚಬೇಕಾದೋಳೇ ಬಾಯಿ ಮುಚ್ಕೊಂಡಿದ್ದಾಳೆ. ಅದಕ್ಕೇ ಹೇಳಿದ್ದು, ಯಾರು ಸುಮ್ನಿದ್ದಾರೆ ನೋಡಿ ಅಂತ.

ಈಗ ನನಗಿಷ್ಟವಾದ ಕತೆ. ಕಾದಂಬರಿದಲ್ಲ, 450 ವರ್ಷ ಹಿಂದಿಂದು, ಆದ್ರೆ ಇದು ಗೊತ್ತಿಲ್ದೆ ಆಮಿಶ್ ಪತ್ತೇದಾರಿ ಓದಿದ್ರೆ ಉಪ್ಪಿಲ್ಲದ ಸಾರು ಉಂಡಂಗೆ. ಅವರ ಎಷ್ಟೋ ಮನೇಲಿ ಬೈಬಲ್ ಪಕ್ಕ ಒಂದು ದಪ್ಪ ಪುಸ್ತಕ ಇರುತ್ತೆ, 1660ರಲ್ಲಿ ಮೊದಲು ಅಚ್ಚಾಗಿದ್ದು, ನಂಬಿಕೆಗೋಸ್ಕರ ಜೀವ ಕೊಟ್ಟೋರ ಕತೆಗಳು. ಅದರಲ್ಲಿ ಡಿರ್ಕ್ ವಿಲೆಮ್ಸ್ ಅಂತ ಒಬ್ಬ, ನೆದರ್ಲೆಂಡ್ಸಿನ ಆಸ್ಪೆರೆನ್ ಊರೋನು, ಆಮೇಲೆ ಆಮಿಶ್ ಜನ ಕವಲೊಡೆದು ಬಂದ ಪಂಥದೋನೇ. ದೊಡ್ಡೋನಾದ ಮೇಲೆ ಮತ್ತೆ ದೀಕ್ಷಾಸ್ನಾನ ಮಾಡಿಸ್ಕೊಂಡ, ಬೇರೆಯೋರಿಗೂ ತನ್ನ ಮನೇಲಿ ಮಾಡಿಸಿದ ಅನ್ನೋದು ಅವನ ಅಪರಾಧ. ಸೆರೆಮನೆಗೆ ಹಾಕಿದ್ರು. ಬಟ್ಟೆ ತುಂಡು ಗಂಟು ಹಾಕಿ ಹಗ್ಗ ಮಾಡ್ಕೊಂಡು ಇಳಿದು ಓಡಿದ. ಚಳಿಗಾಲದ ಕೊನೆ, ನೀರಿನ ಮೇಲೆ ಮಂಜುಗಡ್ಡೆ ತೆಳ್ಳಗಿದೆ, ಜೈಲೂಟ ತಿಂದು ಬಡಕಲಾಗಿದ್ದ ಡಿರ್ಕ್ ಹೆಂಗೋ ದಾಟಿಬಿಟ್ಟ. ಹಿಂದೆ ಬಂದ ಪೇದೆ ಹೊಟ್ಟೆ ತುಂಬ ಉಂಡೋನು, ಕಾಲಿಟ್ಟ, ಮಂಜು ಒಡೀತು, ಬಿದ್ದ. ಡಿರ್ಕ್ ಆಚೆ ದಡದಲ್ಲಿದ್ದಾನೆ, ಓಡಿದ್ರೆ ಬಚಾವ್. ಅವನು ತಿರುಗಿ ಬಂದ. ಬಂದು ಕೈ ಚಾಚಿ ಪೇದೆನ ಎಳೆದು ದಡಕ್ಕೆ ಹಾಕಿದ. ಪೇದೆಗೆ ಇವನನ್ನ ಬಿಟ್ಬಿಡೋಣ ಅಂತ ಮನಸ್ಸು, ಆದ್ರೆ ಊರ ಮುಖ್ಯಸ್ಥ ಕೂಗಿ ಹೇಳಿದ, ನೀನು ಇಟ್ಟ ಆಣೆ ನೆನಪಿಟ್ಕೊ ಅಂತ. ಪೇದೆ ಹಿಡ್ಕೊಂಡ. 1569ರ ಮೇ 16, ಡಿರ್ಕ್‌ನ ಊರಾಚೆ ಜೀವಂತ ಸುಟ್ರು. ಅವತ್ತು ಗಾಳಿ ಜೋರು, ಬೆಂಕಿ ಮೇಲಕ್ಕೆ ಹತ್ತಲಿಲ್ಲ, ಅವನು ದೇವರನ್ನ ಕರೆದಿದ್ದು 70ಕ್ಕೂ ಹೆಚ್ಚು ಸಲ ಪಕ್ಕದ ಲೇರ್ಡಮ್ ಊರಿಗೆ ಕೇಳಿಸ್ತು ಅಂತ ಆ ಪುಸ್ತಕ ಬರೆಯುತ್ತೆ. ಅವನು ಬಗ್ಗಿ ಕೈ ಚಾಚಿರೋ ಚಿತ್ರವೂ ಇದೆ, 1685ರ ಮುದ್ರಣದಲ್ಲಿ ಬಂದಿದ್ದು. ಪೇದೆ ಎದೆಮಟ್ಟ ನೀರಲ್ಲಿ, ಡಿರ್ಕ್‌ನ ಎರಡೂ ಕೈ ಮುಂದೆ. ನಾನು ಅದನ್ನ ಪ್ರಿಂಟ್ ತೆಗೆಸಿ ಮೇಜಿನ ಗಾಜಿನ ಕೆಳಗೆ ಇಟ್ಕೊಂಡಿದೀನಿ.

ಯೋಚನೆ ಮಾಡಿ. ನಾವು ಓದಿದ ಪತ್ತೇದಾರೀಲೆಲ್ಲ ಅಟ್ಟಿಸ್ಕೊಂಡು ಹೋಗೋನು ಹೀರೋ. ಇವರ ಮನೆ ಪುಸ್ತಕದಲ್ಲಿ ಓಡಿ ಹೋಗೋನು ಹೀರೋ, ಅಟ್ಟಿಸ್ಕೊಂಡು ಬಂದೋನು ಜೀವ ಉಳಿಸಿದೋನನ್ನೇ ಹಿಡ್ಕೊಟ್ಟ ಪೊಲೀಸು. ಹಿಂಗಿರೋ ಮನೆ ಬಾಗಿಲಿಗೆ ಟಾರ್ಚ್ ಹಿಡ್ಕೊಂಡು ಪೊಲೀಸ್ ಬಂದು 'ಏನ್ ನೋಡಿದ್ರಿ' ಅಂದ್ರೆ ಬಾಯಿ ಬಿಡ್ತಾರಾ? ಕೇಟ್ ಆಮಿಶ್ ಜನರ ಭಾಷೇಲೇ ಮಾತಾಡ್ತಾಳೆ, ಆದ್ರೂ ಅವಳ ಸೊಂಟದಲ್ಲಿ ಪಿಸ್ತೂಲಿದೆ. ಇನ್ನೊಂದು ತಮಾಷೆ ನೋಡಿ, ಆಮಿಶ್ ಜನ ಕೋರ್ಟಲ್ಲಿ ಕೂಡ ಆಣೆ ಇಡಲ್ಲ, ನಿಜ ಹೇಳ್ತೀನಿ ಅಂತ ಮಾತು ಕೊಡ್ತಾರೆ, ಅಷ್ಟೇ. ಅಂಥೋರ ಬಗ್ಗೆ ಬರೆದ ಪುಸ್ತಕದ ಹೆಸರು ಏನು, ಮೌನಕ್ಕೆ ಆಣೆ ಇಟ್ಟೋರು ಅಂತ! ಈ ಹೆಸರಿಗೇ ನಾನು ಲೇಖಕಿಗೆ ಅರ್ಧ ಮಾರ್ಕ್ಸ್ ಕೊಟ್ಬಿಟ್ಟೆ.

ಟೈಮ್ ಆಗ್ತಾ ಬಂತು ಅಂತ ಕಾಣ್ಸುತ್ತೆ, ಡಿರ್ಕ್ ಜಾಸ್ತಿ ತಿಂದ. ಕ್ಷಮೆ ಬಗ್ಗೆ ಹೇಳ್ಲೇಬೇಕು. 2006ರ ಅಕ್ಟೋಬರ್‌ನಲ್ಲಿ ಪೆನ್ಸಿಲ್ವೇನಿಯಾದ ನಿಕಲ್ ಮೈನ್ಸ್ ಶಾಲೇಲಿ ಒಬ್ಬ ಹೊರಗಿನೋನು ಐದು ಆಮಿಶ್ ಹೆಣ್ಣುಮಕ್ಕಳನ್ನ ಕೊಂದು ತಾನೂ ಗುಂಡು ಹೊಡ್ಕೊಂಡ, ಇವರು ಅವನ ಹೆಂಡತಿ ಮನೆಗೆ ಹೋಗಿ ಸಮಾಧಾನ ಹೇಳಿದ್ರು. ಅದು ನಿಜ, ದೊಡ್ಡ ಮಾತು. ಆದ್ರೆ ತಮ್ಮೋರೇ ತಪ್ಪು ಮಾಡಿದ್ರೆ? ಸಭೆ ಮುಂದೆ ತಪ್ಪೊಪ್ಪಿಗೆ, ಸಾಮಾನ್ಯವಾಗಿ ಆರು ವಾರ ಬಹಿಷ್ಕಾರ, ಊಟಕ್ಕೂ ಬೇರೆ ಮೇಜು, ಆಮೇಲೆ ಕ್ಷಮೆ. ಕ್ಷಮೆ ಆದ್ಮೇಲೆ ಆ ಮಾತು ಎತ್ತೋದೇ ತಪ್ಪು. ನೋವು ತಿಂದೋರೂ ಎತ್ತೋಹಾಗಿಲ್ಲ. ಮಾಡಿದೋನಿಗೆ ಆರು ವಾರ, ಅನುಭವಿಸಿದ ಹುಡುಗಿಗೆ ಇಡೀ ಜೀವನ. ಕೇಟ್ ಕತೆಯಲ್ಲಿ ನಂಗೆ ಕೊಲೆಗಿಂತ ಜಾಸ್ತಿ ಮೈ ಜುಂ ಅಂದಿದ್ದು ಅವಳ ಅಪ್ಪ ಹೇರಿದ ಈ ಮೌನ.

ಪೊಲೀಸಿಗೆ ಇರೋ ಬೇರೆ ತಾಪತ್ರಯ ಒಂದೇ ಉಸಿರಲ್ಲಿ ಹೇಳ್ಬಿಡ್ತೀನಿ: ಫೋಟೋಗೆ ಪೋಸ್ ಕೊಡಲ್ಲ, ಹಾಗಾಗಿ ಕಾಣೆಯಾದೋರ ಫೋಟೋ ಸಿಗೋದು ಕಷ್ಟ, ಫೋನ್ ಎಷ್ಟೋ ಕಡೆ ರಸ್ತೆ ಬದಿಯ ಸಣ್ಣ ಗೂಡಲ್ಲಿರುತ್ತೆ, ಗಂಡಸ್ರೆಲ್ಲ ಒಂದೇ ಥರ ಟೋಪಿ, ಮೀಸೆ ಇಲ್ಲದ ಗಡ್ಡ, ಊರು ತುಂಬ ಅದೇ ಮಿಲ್ಲರ್, ಅದೇ ಯೋಡರ್ ಅನ್ನೋ ಮನೆತನದ ಹೆಸರು, ನೋಡಿದೋರು ಬಾಯಿ ಬಿಟ್ರೂ ಗುರುತು ಹೇಳೋದು ಹೆಂಗೆ? ಇದೇ ಜಾತಿಯ ಇನ್ನೊಂದು ಬೇಕು ಅಂದ್ರೆ ಜೋಡಿ ಪಿಕೊ ಅವರ 'ಪ್ಲೇನ್ ಟ್ರೂತ್' ಇದೆ, 2000ದ್ದು, ಆಮಿಶ್ ಮನೆ ಕೊಟ್ಟಿಗೇಲಿ ಆಗ ತಾನೇ ಹುಟ್ಟಿದ ಕೂಸಿನ ಹೆಣ, ಕೋರ್ಟ್ ಕತೆ. ಅಲ್ಲೂ ಅಷ್ಟೇ, ಯಾರು ಸುಮ್ನಿದ್ದಾರೆ ನೋಡಿ.

ಅತ್ತಿಗೆ, ನೀವು ಕೇಳ್ತಿದ್ರೆ, ಪುಸ್ತಕ ಇನ್ನೂ ನಿಮ್ಮ ಹತ್ರನೇ ಇದೆ. ಮೊದಲನೇ ಪುಟದಿಂದ ಶುರು ಮಾಡಿ. ನಮಸ್ಕಾರ.