ಮೂಗಿನ ದುರ್ಮಾಂಸ ಮತ್ತೆ ಮತ್ತೆ ಯಾಕೆ ಬೆಳೆಯುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಒಗ್ಗರಣೆಗೆ ಇಂಗು ಹಾಕಿದರೂ ಘಮ ಗೊತ್ತಾಗುವುದಿಲ್ಲ. ಎರಡೂ ಹೊಳ್ಳೆ ಸದಾ ಕಟ್ಟಿರುತ್ತವೆ. ರಾತ್ರಿಯೆಲ್ಲ ಬಾಯಲ್ಲೇ ಉಸಿರಾಟ. ಹೀಗೆ ಮೂರು ತಿಂಗಳು ದಾಟಿದರೆ ನೆಗಡಿ ಎಂದು ಸುಮ್ನೆ ಕೂರಬೇಡಿ. ಮೂಗಿನಲ್ಲಿ ದುರ್ಮಾಂಸ, ಅಂದರೆ ಪಾಲಿಪ್ ಬೆಳೆದಿರಬಹುದು. "ಡಾಕ್ಟ್ರೇ, ಒಮ್ಮೆ ತೆಗೆಸಿದ್ದೆ, ಮತ್ತೆ ಬಂದಿದೆ. ಆಪರೇಷನ್ ಸರಿಯಾಗಿ ಆಗಲಿಲ್ವಾ?" ಎಂದು ಎಷ್ಟೋ ಜನ ಬೇಸರದಿಂದ ಕೇಳುತ್ತಾರೆ. ಇವತ್ತಿನ ಮಾತು ಅವರಿಗಾಗಿ.

ಎಂಡೋಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಕೊಳವೆಯನ್ನು ಮೂಗಿನೊಳಗೆ ಇಳಿಸಿ ನೋಡಿದರೆ ಪಾಲಿಪ್ ಸಿಪ್ಪೆ ಸುಲಿದ ದ್ರಾಕ್ಷಿಯ ಹಾಗೆ ಕಾಣುತ್ತದೆ. ಬಿಳಿಚಿಕೊಂಡು, ನೀರು ತುಂಬಿಕೊಂಡು, ಸೈನಸ್, ಅಂದರೆ ಮುಖದ ಎಲುಬಿನೊಳಗಿನ ಗಾಳಿಗೂಡು, ಅದರ ಬಾಯಿಂದ ಜೋತುಬಿದ್ದಿರುತ್ತದೆ. ಸಲಾಕೆ ತಾಗಿಸಿದರೂ ಸಾಮಾನ್ಯವಾಗಿ ನೋವಾಗುವುದಿಲ್ಲ. ಮೂಗಿನ ಒಳಪೊರೆಯೇ ಊದಿ ಇಳಿಬಿದ್ದದ್ದು ಅದು. ಕ್ಯಾನ್ಸರ್ ಅಲ್ಲ. ಆದರೆ ಒಂದೇ ಹೊಳ್ಳೆಯಲ್ಲಿ ಬೆಳೆದಿದ್ದರೆ, ರಕ್ತ ಬರುತ್ತಿದ್ದರೆ, ತಡಮಾಡದೆ ಪರೀಕ್ಷೆ ಮಾಡಿಸಿ.

ಒಳಪೊರೆ ಊದುವುದು ಉರಿಯೂತದಿಂದ. ದೂಳು, ಫಂಗಸ್, ಬ್ಯಾಕ್ಟೀರಿಯಾ ಕೆಣಕಿದಾಗ ಅಲ್ಲಿನ ಜೀವಕೋಶಗಳು ಅಪಾಯ ಅಂತ ಸುದ್ದಿ ಕಳಿಸುತ್ತವೆ. ಆಗ ಇಂಟರ್‌ಲ್ಯೂಕಿನ್ 4, 5, 13 ಎಂಬ ರಾಸಾಯನಿಕಗಳು ಹೊರಬರುತ್ತವೆ. 5ನೆಯದು ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಬೆಳೆಸಿ, ಬದುಕಿಸಿ ಇಡುತ್ತದೆ. 13ನೆಯದು ಲೋಳೆ ಜಾಸ್ತಿ ಮಾಡುತ್ತದೆ. ರಕ್ತನಾಳದಿಂದ ನೀರು ಸೋರುತ್ತದೆ. ಜೊತೆಗೆ ಫೈಬ್ರಿನ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ನಾರು, ಬಲೆ ಕಟ್ಟುತ್ತದೆ. ಅದನ್ನು ಕರಗಿಸುವ ವ್ಯವಸ್ಥೆ ಪಾಲಿಪ್‌ನಲ್ಲಿ ಸೊರಗಿರುತ್ತದೆ, ಹಾಗಾಗಿ ಸೋರಿದ ನೀರು ಅಲ್ಲೇ ನಿಂತುಬಿಡುತ್ತದೆ. ಅಸ್ತಮಾದಲ್ಲೂ ಬಹಳ ಸಲ ಇದೇ ಬಗೆಯ ಉರಿಯೂತ. ಅದಕ್ಕೇ ಈ ಎರಡೂ ಒಬ್ಬರಲ್ಲೇ ಕಾಣುವುದು.

ದೂಳು ಎಲ್ಲರ ಮೂಗಿಗೂ ಹೋಗುತ್ತದೆ, ಪಾಲಿಪ್ ಮಾತ್ರ ಕೆಲವರಿಗೇ ಬರುತ್ತದೆ, ಅಲ್ವಾ? ಇಲ್ಲಿ ವಂಶವಾಹಿಗಳ, ಅಂದರೆ ಜೀನ್‌ಗಳ ಪಾತ್ರವಿದೆ. ಅಮೆರಿಕದ ಯೂಟಾದಲ್ಲಿ ಕುಟುಂಬಗಳ ದಾಖಲೆ ನೋಡಿದಾಗ, ರೋಗಿಯ ಹೆತ್ತವರು, ಒಡಹುಟ್ಟಿದವರು, ಮಕ್ಕಳಲ್ಲಿ ಅಪಾಯ ಸುಮಾರು 4 ಪಟ್ಟು ಹೆಚ್ಚಿತ್ತು. 2019ರಲ್ಲಿ ಐಸ್‌ಲೆಂಡ್‌ನ ಸಂಶೋಧಕರು ಇನ್ನೂ ಕುತೂಹಲದ ಸಂಗತಿ ಹೇಳಿದರು. ಅಲಾಕ್ಸ್ 15 ಎಂಬ ಜೀನ್ ಕೆಲಸ ಮಾಡದಂತಾಗುವ ಒಂದು ಅಪರೂಪದ ಬದಲಾವಣೆ ಇದ್ದವರಿಗೆ ಪಾಲಿಪ್ ಬರುವುದೇ ತೀರಾ ಕಡಿಮೆ. ಜೀನ್ ಕೆಟ್ಟದ್ದೇ ಅವರಿಗೆ ಒಳ್ಳೆಯದಾಯಿತು! ಹಾಗೆಂದು ಸಾಮಾನ್ಯ ಪಾಲಿಪ್‌ಗೆ ಒಂದೇ ಜೀನ್ ಕಾರಣವಲ್ಲ, ಅನೇಕ ಜೀನ್‌ಗಳು ಸ್ವಲ್ಪ ಸ್ವಲ್ಪ ಪಾಲು ಹಾಕುತ್ತವೆ. ಚಿಕ್ಕ ಮಕ್ಕಳ ವಿಷಯ ಬೇರೆ. ಅವರಲ್ಲಿ ಪಾಲಿಪ್ ಅಪರೂಪ. ಕಂಡರೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ವಂಶವಾಹಿ ಕಾಯಿಲೆ ಇದೆಯೇ ಎಂದು ಬೆವರಿನ ಪರೀಕ್ಷೆ ಮಾಡಿಸಲೇಬೇಕು.

ಈಗ ಆಪರೇಷನ್ ಆದ ಮೇಲೂ ಯಾಕೆ ಬರುತ್ತದೆ ಎಂಬ ಪ್ರಶ್ನೆಗೆ ಬರೋಣ. ಆಪರೇಷನ್ ಊದಿದ್ದನ್ನು ತೆಗೆಯುತ್ತದೆ, ಸೈನಸ್ ದಾರಿ ಬಿಡಿಸುತ್ತದೆ. ಆದರೆ ಒಳಪೊರೆಯ ಉರಿಯೂತದ ಸ್ವಭಾವ ಹಾಗೇ ಉಳಿಯುತ್ತದೆ. ಆದ್ದರಿಂದ ಉರಿಯೂತ ತಗ್ಗಿಸಲು ಡಾಕ್ಟರು ಬರೆದುಕೊಟ್ಟ ಸ್ಟೀರಾಯ್ಡ್ ಸ್ಪ್ರೇಯನ್ನು ಆಮೇಲೂ ಬಿಡಬೇಡಿ. ಹೆಸರು ಕೇಳಿ ಹೆದರಬೇಡಿ. ಸರಿಯಾದ ಪ್ರಮಾಣದಲ್ಲಿ ಬಳಸಿದರೆ ಅದರಲ್ಲಿ ಮೈಗೆ ಸೇರುವುದು ಬಹಳ ಕಡಿಮೆ. ತಲೆ ಸ್ವಲ್ಪ ಬಗ್ಗಿಸಿ, ಬಲ ಹೊಳ್ಳೆಗೆ ಎಡಗೈಯಲ್ಲಿ, ಎಡ ಹೊಳ್ಳೆಗೆ ಬಲಗೈಯಲ್ಲಿ, ಆಯಾ ಕಿವಿಯ ಕಡೆಗೆ ತಿರುಗಿಸಿ ಹೊಡೆಯಿರಿ. ನಡುವಿನ ಗೋಡೆಗೆ ಬಿದ್ದರೆ ರಕ್ತ ಬರಬಹುದು. ಉಪ್ಪುನೀರಿನಲ್ಲಿ ಮೂಗು ತೊಳೆಯುವಾಗ ಕುದಿಸಿ ಆರಿಸಿದ ನೀರೇ ಇರಲಿ, ನಲ್ಲಿ ನೀರು ಬೇಡ. ಇಷ್ಟಕ್ಕೂ ಬಗ್ಗದವರಿಗೆ ಡ್ಯುಪಿಲುಮಾಬ್ ಎಂಬ ಇಂಜೆಕ್ಷನ್ ಬಂದಿದೆ. ಅದು ಇಂಟರ್‌ಲ್ಯೂಕಿನ್ 4 ಮತ್ತು 13ರ ಕೆಲಸವನ್ನೇ ತಡೆಯುತ್ತದೆ. ಬೆಲೆ ಮಾತ್ರ ಹೆಚ್ಚಿನವರ ಕೈಗೆಟುಕದು, ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಡಾಕ್ಟರ ಬಳಿ ಹೋದಾಗ ಎರಡು ವಿಷಯ ಅವರು ಕೇಳದಿದ್ದರೂ ಹೇಳಿ. ಮನೆಯಲ್ಲಿ ಯಾರಿಗಾದರೂ ಪಾಲಿಪ್, ಅಸ್ತಮಾ ಇದೆಯೇ? ಆಸ್ಪಿರಿನ್, ಐಬುಪ್ರೊಫೆನ್ ತರಹದ ನೋವಿನ ಮಾತ್ರೆ ನುಂಗಿದಾಗ ನಿಮಗೆ ಎಂದಾದರೂ ಉಸಿರು ಕಟ್ಟಿತ್ತೇ? ಕಟ್ಟಿದ್ದರೆ ಆ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ಮತ್ತೆ ಮುಟ್ಟಬೇಡಿ.

ನಮಸ್ಕಾರ.